ಕೂಲಿ ಮಾಡಿ ಬದುಕಿದ ಮುತ್ತಾತ ಯಾವ ವಹಿಯಲ್ಲಿದ್ದಾನೆ?

ನೆಲಮಂಗಲದ ಬಳಿಯ ಅರಿಶಿನಕುಂಟೆಯ ಕಡೆ ವಂಶವೃಕ್ಷದ ಮಾತು ಏಳುವುದು ಜಮೀನಿಗೆ ಬೆಲೆ ಬಂದಾಗ. ತುಮಕೂರು ರಸ್ತೆ ಅಗಲವಾಯಿತು, ಗೋದಾಮುಗಳು ಬಂದವು, ಹೊಲಗಳು ನಿವೇಶನಗಳಾದವು. ಮಾರುವವರಿಗೂ ಕೊಳ್ಳುವವರಿಗೂ ತಾತನಿಂದ ಈಚೆಗೆ ಯಾರು ಯಾರು ಎಂಬ ಪಟ್ಟಿ ಬೇಕಾಯಿತು. ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ, ನಾಡಕಚೇರಿಗೆ ಅರ್ಜಿ ಹಾಕಿ, ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿದ ಮೇಲೆ ಕೈಗೆ ಬರುವ ಆ ಕಾಗದವನ್ನೇ ಮನೆತನದ ಚರಿತ್ರೆ ಎಂದು ನಂಬಿ ಚೌಕಟ್ಟು ಹಾಕಿಸಿಟ್ಟವರೂ ಇದ್ದಾರೆ. ಆದರೆ ಅದು ಪಾಲಿನ ಲೆಕ್ಕ. ಅರ್ಜಿದಾರ ಹೇಳಿದ್ದೇ ಅದರ ಮುಖ್ಯ ಆಧಾರ. ಪಾಲಿಲ್ಲದವರು ಅದರಿಂದ ಉದುರಿಹೋಗುತ್ತಾರೆ: ಮಕ್ಕಳಿಲ್ಲದೆ ಸತ್ತ ಚಿಕ್ಕತಾತ, ಊರು ಬಿಟ್ಟು ಬೆಂಗಳೂರಿನ ಮಿಲ್ಲು ಸೇರಿದವನು, ಬೇಗ ತೀರಿಕೊಂಡ ಮೊದಲ ಹೆಂಡತಿ. ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ 1994ರದ್ದು. ಅದಕ್ಕೂ ಹಿಂದೆ ಬರೆಸಿದ ಎಷ್ಟೋ ಪಟ್ಟಿಗಳನ್ನು ನೋಡಿದರೆ ಆ ಮನೆಗಳಲ್ಲಿ ಹೆಣ್ಣುಮಕ್ಕಳೇ ಹುಟ್ಟಿರಲಿಲ್ಲ ಅನ್ನಿಸುತ್ತದೆ.

ಜಮೀನೇ ಇಲ್ಲದ ಮನೆತನಕ್ಕೆ ಈ ಕಾಗದವೂ ಬೇಕಾಗಿ ಬರುವುದು ಅಪರೂಪ. ಉಳುಮೆಗೆ ಹೋಗುತ್ತಿದ್ದವರು, ಕಲ್ಲು ಒಡೆದವರು, ತೋಟಿ ಕೆಲಸ ಮಾಡಿದವರು, ರೈಲ್ವೆ ಹಳಿಯ ಗ್ಯಾಂಗಿನಲ್ಲಿದ್ದವರು, ಗಿರಣಿಯ ರಾತ್ರಿ ಪಾಳಿಗೆ ದುಡಿದವರು – ಇವರ ಮೊಮ್ಮಕ್ಕಳು ಈಗ ಓದಿ ಕೆಲಸದಲ್ಲಿದ್ದು, ‘ನಮ್ಮ ಮುತ್ತಾತ ಯಾರು’ ಎಂದು ಕೇಳತೊಡಗಿದ್ದಾರೆ. ಅವರಿಗಾಗಿ ಈ ಬರಹ. ಹುಡುಕಾಟದ ಸೂತ್ರ ಒಂದೇ. ಬಡವನ ಹೆಸರು ಅವನ ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ ಸಿಗುವುದು ಕಡಿಮೆ. ಅವನಿಂದ ಏನಾದರೂ ವಸೂಲಿ ಮಾಡಬೇಕಾಗಿದ್ದವರ, ಇಲ್ಲವೇ ಅವನಿಗೆ ಏನಾದರೂ ಕೊಡಬೇಕಾಗಿದ್ದವರ ಕಾಗದದಲ್ಲಿ ಅದು ಸಿಗುತ್ತದೆ. ಕಂದಾಯ, ಗೇಣಿ, ಸಾಲ, ಜೀತ, ಸಂಬಳ, ಪಿಂಚಣಿ, ಪರಿಹಾರ – ಇವು ಎಲ್ಲೆಲ್ಲಿ ಬರೆದಿಡಲ್ಪಟ್ಟವೋ ಅಲ್ಲಿಗೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಗಣಿಯಾಳಿನ ಮೊಮ್ಮಗನಿಗೂ ಈ ಕೆಲಸ ಇಷ್ಟು ಕಷ್ಟವಲ್ಲ. ಅಲ್ಲಿ ಚರ್ಚುಗಳು 1538ರಿಂದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಟ್ಟಿವೆ. 1837ರ ಜುಲೈಯಿಂದ ಸರಕಾರವೇ ಜನನ ಮರಣ ನೋಂದಾಯಿಸಿತು. ಜನಗಣತಿಯಲ್ಲಿ ಮನೆಮನೆಯ ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರು ಬರೆದ ಹಾಳೆಗಳು ನೂರು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ನಮ್ಮಲ್ಲಿ ಮೈಸೂರು ಸಂಸ್ಥಾನದ ಮೊದಲ ವ್ಯವಸ್ಥಿತ ಜನಗಣತಿ 1871ರಲ್ಲೇ ನಡೆದರೂ ಉಳಿದಿರುವುದು ಒಟ್ಟು ಲೆಕ್ಕಗಳ ಸಂಪುಟಗಳು ಮಾತ್ರ. ಸ್ವಾತಂತ್ರ್ಯಾನಂತರದ ಗಣತಿಯ ವೈಯಕ್ತಿಕ ವಿವರಗಳನ್ನು ಯಾರಿಗೂ ತೋರಿಸುವಂತಿಲ್ಲ ಎಂದು 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಜನಗಣತಿ ಕಚೇರಿಯ ಬಾಗಿಲು ಬಡಿಯುವುದು ವ್ಯರ್ಥ. ನಮ್ಮ ದಾರಿ ಬೇರೆ.

ಮೊದಲು ಮನೆಯೊಳಗೆ ನೋಡಿ. ಕಾಗದಪತ್ರ ಇಲ್ಲ ಎನ್ನುವ ಮನೆಯಲ್ಲೂ ಅಟ್ಟದ ಮೇಲೆ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಣಿಗೆ ಇರುತ್ತವೆ. ಅವುಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು, ಊರು, ಕೆಲವೊಮ್ಮೆ ತಾರೀಖು ಇರುತ್ತದೆ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಯಾದರೆ ಮುತ್ತಜ್ಜಿಯ ಅಪ್ಪನ ಹೆಸರು ಅಲ್ಲೇ ಸಿಕ್ಕಿತು. ಹುಣಿಸೆಹಣ್ಣು ಹಚ್ಚಿ ತಿಕ್ಕುವ ಮೊದಲು ಅಡ್ಡ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಿ. ತಿಕ್ಕಿ ತಿಕ್ಕಿ ಎಷ್ಟೋ ಅಕ್ಷರ ಸವೆದಿವೆ.

ಎರಡನೆಯದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಟ್ಟ ಹಳೇ ನೋಟುಬುಕ್ಕು. ಮುಂದೆ ಅವರ ಮನೆಯ ಮದುವೆಗೆ ತಿರುಗಿ ಮಾಡಬೇಕಲ್ಲ, ಅದಕ್ಕೇ ಅದನ್ನು ಜೋಪಾನ ಮಾಡಿರುತ್ತಾರೆ. ಒಬ್ಬೊಬ್ಬರ ಹೆಸರಿನ ಪಕ್ಕ ಊರಿರುತ್ತದೆ. ಒಂದು ಮುಯ್ಯಿ ಪುಸ್ತಕವಿದ್ದರೆ ಆ ಕಾಲದ ನೆಂಟಸ್ತನದ ನಕ್ಷೆಯೇ ಸಿಕ್ಕ ಹಾಗೆ. ದೊಡ್ಡಬಳ್ಳಾಪುರದ ಕಡೆಯವರೇ ಹೆಚ್ಚೋ, ಮಾಗಡಿ ಕಡೆಯವರೋ, ಕುಣಿಗಲ್ಲಿನವರೋ ಎಂದು ನೋಡಿದರೆ ಮನೆತನ ಯಾವ ದಿಕ್ಕಿನಿಂದ ಬಂತು ಎಂಬ ಸುಳಿವು ಬರುತ್ತದೆ. ಲಗ್ನಪತ್ರಿಕೆ ಮತ್ತು ಹನ್ನೊಂದನೇ ದಿನದ ಸಮಾರಾಧನೆ ಪತ್ರಿಕೆಗಳೂ ಹಾಗೆಯೇ. ಸತ್ತವರ ತಾರೀಖು, ಬದುಕಿರುವ ಮಕ್ಕಳು, ಅಳಿಯಂದಿರು, ಊರುಗಳು ಎಲ್ಲ ಅಚ್ಚಿನಲ್ಲಿರುತ್ತವೆ. ಸರಕಾರಿ ದಾಖಲೆಗಿಂತ ಇವನ್ನು ನಾನು ಹೆಚ್ಚು ನಂಬುತ್ತೇನೆ. ತಪ್ಪು ಬರೆಸಿದ್ದರೆ ನೆಂಟರು ಅಂದೇ ಜಗಳ ತೆಗೆದಿರುತ್ತಿದ್ದರು.

ಹಿರಿಯರನ್ನು ಮಾತಾಡಿಸಲು ಒಳ್ಳೆಯ ಕಾಲ ಪಿತೃಪಕ್ಷ. ಎಡೆ ಇಡುವಾಗ ಯಾರ ಯಾರ ಹೆಸರಿನಲ್ಲಿ ಬಟ್ಟೆ ಇಡುತ್ತಾರೆ ಎಂದು ಕೇಳಿದರೆ ಸಾಕು, ಯಾವ ವಂಶವೃಕ್ಷದಲ್ಲೂ ಇಲ್ಲದ ಹೆಸರುಗಳು ಹೊರಬರುತ್ತವೆ. ‘ನಿಮ್ಮ ತಾತ ಹುಟ್ಟಿದ್ದು ಯಾವಾಗ’ ಎಂದು ಕೇಳಬೇಡಿ, ಗೊತ್ತಿಲ್ಲ ಎನ್ನುತ್ತಾರೆ. ಮನೆದೇವರು ಯಾವುದು, ಮುಡಿ ಕೊಡಲು ಎಲ್ಲಿಗೆ ಹೋಗುತ್ತಿದ್ದಿರಿ, ಹೆಣ್ಣು ತಂದದ್ದು ಎಲ್ಲಿಂದ, ಪ್ಲೇಗಿಗೆ ಗುಡಿಸಲು ಹಾಕಿದ್ದು ಎಲ್ಲಿ ಎಂದು ಕೇಳಿ. ನೆಲಮಂಗಲ ತಾಲ್ಲೂಕಿನಲ್ಲೇ ಶಿವಗಂಗೆ ಇರುವಾಗ ಒಂದು ಮನೆಯವರು ವರ್ಷಕ್ಕೊಮ್ಮೆ ದೂರದ ಯಾವುದೋ ಹಳ್ಳಿಯ ಸಣ್ಣ ಗುಡಿಗೆ ಹೋಗುತ್ತಾರೆಂದರೆ, ಆ ಗುಡಿಯ ಊರೇ ಮೂಲ ಊರಿರಬಹುದು. ಅಲ್ಲಿನ ಪೂಜಾರಿಯ ಬಳಿ ಒಕ್ಕಲುಗಳ ಪಟ್ಟಿ ಇದೆಯೇ ವಿಚಾರಿಸಿ. ಹೆಳವರು ಮನೆಬಾಗಿಲಿಗೆ ಬಂದು ಕುಲ ಹೊಗಳುವ ಪದ್ಧತಿ ಇರುವ ಮನೆತನವಾದರೆ ಅದೃಷ್ಟ. ಅವರು ಹಾಡುವ ಹೆಸರುಗಳನ್ನು ರೆಕಾರ್ಡ್ ಮಾಡಿಕೊಂಡು, ಅವರ ಹೊತ್ತಗೆಯ ಪುಟದ ಫೋಟೊಗೆ ಒಪ್ಪಿಗೆ ಕೇಳಿ. ಧಾನ್ಯವೋ ಹಣವೋ ಕೊಡುವುದನ್ನು ಮರೆಯಬೇಡಿ, ಅದು ಅವರ ಕಸುಬು.

ಅಜ್ಜಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅದನ್ನು ಕಡೆಗಣಿಸಬೇಡಿ. ‘ಧಾತು ಈಶ್ವರದ ಬರ’ ಎಂದರೆ 1876–78ರ ಮಹಾಕ್ಷಾಮ. ಧಾತು ಸಂವತ್ಸರ 1876ರಲ್ಲಿ, ಈಶ್ವರ 1877ರಲ್ಲಿ ಶುರುವಾಯಿತು. ಬೆಂಗಳೂರಿಗೆ ಪ್ಲೇಗು ಬಂದ 1898 ವಿಳಂಬಿ. ಇನ್‌ಫ್ಲುಯೆಂಜಾ ಬಡಿದ 1918 ಕಾಳಯುಕ್ತಿ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುವುದರಿಂದ ಯಾವ ಸುತ್ತಿನದು ಎಂದು ಮಾತ್ರ ಗಮನಿಸಬೇಕು: ಧಾತು 1936ರಲ್ಲೂ ಬಂತು, 1996ರಲ್ಲೂ ಬಂತು. ಹಳೇ ಪತ್ರದಲ್ಲಿ ಶಾಲಿವಾಹನ ಶಕ ಬರೆದಿದ್ದರೆ 78 ಕೂಡಿಸಿ, ಇಸವಿ ಸಿಗುತ್ತದೆ. ಯುಗಾದಿಗೆ ಮುಂಚಿನ ತಿಂಗಳುಗಳಾದರೆ 79. ಒಂದು ಎಚ್ಚರಿಕೆಯ ಮಾತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರ ಇದ್ದದ್ದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಅಂಥ ದಶಕದಲ್ಲಿ ಕೂಲಿಯವರ ಮನೆಗಳು ಗುಳೆ ಹೋದವು, ಬೇರೆ ಊರಲ್ಲಿ ಬೇರೂರಿದವು, ಇಲ್ಲವೇ ಅಳಿದವು. ಬರಕ್ಕೂ ಹಿಂದಿನ ಕೊಂಡಿ ಸಿಗದಿದ್ದರೆ ಆಶ್ಚರ್ಯವಿಲ್ಲ.

ಕಚೇರಿಯ ಮೆಟ್ಟಿಲು ಹತ್ತುವ ಮುನ್ನ ಹೆಸರಿನ ವಿಷಯ ತಿಳಿದಿರಬೇಕು. ಹಳೇ ಮೈಸೂರಿನ ದಾಖಲೆಯಲ್ಲಿ ಗಂಡಸಿಗೆ ‘ಬಿನ್’ ಹಾಕಿ ಅಪ್ಪನ ಹೆಸರು, ಹೆಂಗಸಿಗೆ ‘ಕೋಂ’ ಹಾಕಿ ಗಂಡನ ಹೆಸರು ಬರೆಯುತ್ತಿದ್ದರು. ‘ಉರುಫ್’ ಕಂಡರೆ ಎರಡನೇ ಹೆಸರನ್ನೂ ಗುರುತು ಹಾಕಿಕೊಳ್ಳಿ. ತಾತನ ಹೆಸರು ಮೊಮ್ಮಗನಿಗೆ ಇಡುವುದರಿಂದ ಮುನಿಯಪ್ಪ ಬಿನ್ ಹನುಮಯ್ಯ, ಹನುಮಯ್ಯ ಬಿನ್ ಮುನಿಯಪ್ಪ ಹೀಗೆ ಸರಪಳಿ ನಡೆದಿರುತ್ತದೆ. ಯಾವ ಮುನಿಯಪ್ಪ ಎಂದು ತೀರ್ಮಾನಿಸಲು ಅಪ್ಪನ ಹೆಸರು ಸಾಲದು, ಸರ್ವೆ ನಂಬರೋ ಅಣ್ಣತಮ್ಮಂದಿರೋ ಜೊತೆಗಿರಬೇಕು. ಇನ್ನೊಂದು ಕಹಿ ಸಂಗತಿ. ಮನೆಯವರು ಮುನಿಯಪ್ಪ ಎನ್ನುವವನನ್ನು ಶಾನುಭೋಗ ಮುನಿಯ ಎಂದೋ ಮುನಿಗ ಎಂದೋ ಬರೆದಿರುತ್ತಾನೆ. ದಲಿತ ಮತ್ತು ಇತರ ದುಡಿಯುವ ಜಾತಿಗಳವರಿಗೆ ಅಪ್ಪ, ಅಯ್ಯ ಸೇರಿಸಿ ಬರೆಯುವ ಮರ್ಯಾದೆ ಬಹುಕಾಲ ಸಿಕ್ಕಿರಲಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಹುಡುಕುವಾಗ ಬಾಲ ಕತ್ತರಿಸಿದ ಹೆಸರನ್ನೂ ಹುಡುಕಿ. ದೊಡ್ಡ, ಚಿಕ್ಕ, ಸಣ್ಣ, ಮರಿ ಇವು ಹೆಸರಿನ ಮುಂದೆ ಬಂದೂ ಹೋಗಿಯೂ ಇರುತ್ತವೆ. ಅವು ಹೆಚ್ಚಾಗಿ ಅಣ್ಣತಮ್ಮಂದಿರನ್ನು ಬೇರ್ಪಡಿಸಲು ಇಟ್ಟವು.

ಈಗ ಕಂದಾಯ ದಾಖಲೆ. ಸಾಮಾನ್ಯರ ಬದುಕು ಇಷ್ಟು ದಟ್ಟವಾಗಿ ಇನ್ನೆಲ್ಲೂ ಬರೆದಿಟ್ಟಿಲ್ಲ. ‘ನಮಗೆ ಜಮೀನಿಲ್ಲ, ಪಹಣಿ ಯಾಕೆ’ ಎಂದು ತಳ್ಳಿಹಾಕುವವರು ಇಲ್ಲೇ ಎಡವುತ್ತಾರೆ. ಪಹಣಿಯ 9ನೇ ಕಾಲಂ ಮಾತ್ರ ಮಾಲೀಕನದು. 12ನೆಯದರಲ್ಲಿ ಸಾಗುವಳಿ ಮಾಡಿದವನ ಹೆಸರು, ಬೆಳೆದ ಬೆಳೆ ಬರುತ್ತವೆ. 12(2) ಎಂಬ ಮಾತು ಗೇಣಿ ಮೊಕದ್ದಮೆ ನಡೆಸಿದ ಮನೆಗಳಲ್ಲಿ ಇಂದಿಗೂ ಬಾಯಿಪಾಠ. ಯಾರ ಹೊಲ ಮಾಡುತ್ತಿದ್ದೆವು ಎಂಬುದು ಮನೆಯಲ್ಲಿ ನೆನಪಿದ್ದರೆ ಆ ಮಾಲೀಕನ ಸರ್ವೆ ನಂಬರಿನ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ವರ್ಷವಾರು ತೆಗೆಸಿ. ಕಂಪ್ಯೂಟರಿನ ‘ಭೂಮಿ’ ಪಹಣಿ 2000ದ ಸುಮಾರಿಗೆ ಬಂದದ್ದು. ನಮಗೆ ಬೇಕಾದ್ದು ಅದಕ್ಕೂ ಹಿಂದಿನ ಕೈಬರಹದ್ದು. 10ನೇ ಕಾಲಂನಲ್ಲಿ ಹಕ್ಕು ಹೇಗೆ ಬಂತು ಎಂಬುದೂ ಎಂ.ಆರ್. ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ಹಿಡಿದು ಮ್ಯುಟೇಷನ್ ವಹಿ ಕೇಳಿದರೆ ‘ಇಂಥವನು ಮೃತನಾದ ಕಾರಣ ಇಂಥ ಮಕ್ಕಳ ಹೆಸರಿಗೆ’ ಎಂಬ ಒಂದು ಪ್ಯಾರಾ ಸಿಗುತ್ತದೆ. ಪೌತಿ ಖಾತೆ ಎಂದರೆ ಅದೇ. ಸಾವಿನ ಸುಮಾರು ವರ್ಷ, ಹೆಂಡತಿ ಮಕ್ಕಳು ಒಂದೇ ಕಡೆ.

ಅದರ ಹಿಂದಿನ ಪದರ ಐ.ಎಲ್. ಮತ್ತು ಆರ್.ಆರ್. ಎಂದು ಕಚೇರಿಯಲ್ಲಿ ಕರೆಯುವ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. 1927ರ ಮೈಸೂರು ಕಾಯ್ದೆಯ ನಂತರ ತಾಲ್ಲೂಕು ತಾಲ್ಲೂಕಾಗಿ ಬರೆಸಿದ ವಹಿಗಳಿವು. ಕ್ರಯ, ಭೋಗ್ಯ, ವಿಭಾಗಗಳು ತಾರೀಖಿನ ಸಮೇತ ಇರುತ್ತವೆ. ಇನ್ನೂ ಹಿಂದಕ್ಕೆ ಹೋದರೆ ಸರ್ವೆ ದಾಖಲೆ. ಮೈಸೂರಿನಲ್ಲಿ ಅಳತೆ ಮತ್ತು ಜಮಾಬಂದಿಯ ಕೆಲಸ 1863ರಲ್ಲಿ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗಿತು. ಟಿಪ್ಪಣಿ, ಆಕಾರ್‌ಬಂದ್, ಖರಾಬು ಉತಾರ ಇವು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ನಕಲಾಗಿ ಸಿಗುತ್ತವೆ. ಹಳೇ ಕೈಬರಹ, ಕೆಲವೊಮ್ಮೆ ಮೋಡಿ ಅಕ್ಷರ, ಕನ್ನಡ ಅಂಕಿ. ಓದಲು ನಿವೃತ್ತ ಶಾನುಭೋಗರೋ ಸರ್ವೆಯರೋ ಸಿಕ್ಕರೆ ಕಾಫಿ ಕುಡಿಸಿ ಕೂರಿಸಿಕೊಳ್ಳುವುದು ಲೇಸು.

ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆತನಗಳಿಗೆ ಇನ್ನೊಂದು ನಿಧಿ ಇದೆ. ಊರಿನ ಈ ಸೇವೆಗಳಿಗೆ ಇನಾಮಾಗಿ ಬಿಟ್ಟುಕೊಟ್ಟ ಜಮೀನುಗಳು ಕ್ವಿಟ್ ರೆಂಟ್ ರಿಜಿಸ್ಟರಿನಲ್ಲಿ ಸೇವೆಯ ಹೆಸರಿನಡಿ ಇವೆ. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಿತು. ಆಮೇಲೆ ಆ ಜಮೀನನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಬೇಕಾಯಿತು. ಮರುಮಂಜೂರಿಗೆ ತಹಸೀಲ್ದಾರರ ಮುಂದೆ ಅರ್ಜಿ ಬೇಕು, ಸೇವೆ ಯಾರಿಂದ ಯಾರಿಗೆ ಬಂತು ಎಂಬ ವಿವರ ಬೇಕು, ಅಣ್ಣತಮ್ಮಂದಿರ ತಕರಾರು ಬಂದರೆ ಹೇಳಿಕೆ ಬೇಕು. ಓದು ಬರಹ ಗೊತ್ತಿಲ್ಲದ ಒಬ್ಬ ತೋಟಿಯ ಮಾತು ಅವನ ಹೆಬ್ಬೆಟ್ಟಿನ ಗುರುತಿನೊಂದಿಗೆ ಆ ಕಡತದಲ್ಲಿ ಉಳಿದಿರುವ ಸಾಧ್ಯತೆ ಇದೆ. ನನಗೆ ಕೇಳಿದರೆ ಇಡೀ ಹುಡುಕಾಟದಲ್ಲಿ ಮೊದಲು ಬೆನ್ನುಹತ್ತಬೇಕಾದ ಕಡತ ಇದೇ.

ಗೇಣಿದಾರರ ಮನೆಯಾದರೆ ಭೂನ್ಯಾಯ ಮಂಡಳಿಯ ಕಡತ ಕೇಳಿ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿಯಂತೆ ಉಳುವವರು ಫಾರಂ 7 ತುಂಬಿ ಕೊಟ್ಟರು. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ಗೇಣಿ ಎಷ್ಟು, ಕಾಳಿನಲ್ಲೋ ದುಡ್ಡಿನಲ್ಲೋ, ಪಕ್ಕದ ಹೊಲದವರ ಸಾಕ್ಷಿ ಎಲ್ಲವೂ ಅದರಲ್ಲಿದೆ. ಅರ್ಜಿ ವಜಾ ಆಗಿದ್ದರೂ ಪರವಾಗಿಲ್ಲ. ಸೋತ ಕಡತದಲ್ಲೂ ತಾತನ ಮಾತು ಅಷ್ಟೇ ಇರುತ್ತದೆ. ದರಖಾಸ್ತಿನಲ್ಲಿ ಜಮೀನು ಸಿಕ್ಕಿದ್ದರೆ ಸಾಗುವಳಿ ಚೀಟಿ ವಿತರಣೆಯ ವಹಿ ನೋಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಉಪವಿಭಾಗಾಧಿಕಾರಿ ಮುಂದೆ ನಡೆದ ಪ್ರಕರಣದಲ್ಲಿ ಮೂಲ ಮಂಜೂರಿದಾರನಿಂದ ಹಿಡಿದು ವಾರಸುದಾರರ ಪೂರ್ತಿ ವಿವರ ಇರುತ್ತದೆ. ರಸ್ತೆಗೋ ಕೈಗಾರಿಕೆಗೋ ಭೂಸ್ವಾಧೀನವಾದ ಕಡೆ ಕರ್ನಾಟಕ ರಾಜ್ಯಪತ್ರದಲ್ಲಿ ಸರ್ವೆ ನಂಬರುವಾರು ಖಾತೆದಾರರ, ಅನುಭವದಾರರ ಹೆಸರು ಅಚ್ಚಾಗಿದೆ. ಹೆದ್ದಾರಿ ಹಾದುಹೋದ ನೆಲಮಂಗಲ ತಾಲ್ಲೂಕಿನಲ್ಲಿ ಅದು ಸಣ್ಣ ಪಟ್ಟಿಯೇನಲ್ಲ.

ಎಲ್ಲಿ ಕೇಳಬೇಕು ಎಂಬ ಗೊಂದಲ ಸಹಜ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಆದದ್ದು 1986ರಲ್ಲಿ. ಅದಕ್ಕೆ ಹಿಂದಿನ ಕಾಗದದ ಮೇಲೆ ‘ಬೆಂಗಳೂರು ಜಿಲ್ಲೆ, ನೆಲಮಂಗಲ ತಾಲ್ಲೂಕು’ ಎಂದಷ್ಟೇ ಇರುತ್ತದೆ, ಕೆಲವು ಕಡತಗಳು ಬೆಂಗಳೂರು ನಗರದ ಜಿಲ್ಲಾಧಿಕಾರಿ ಕಚೇರಿಯಲ್ಲೇ ಉಳಿದಿರಬಹುದು. ಗ್ರಾಮಾಂತರದ ಜಿಲ್ಲಾಡಳಿತ ಈಗ ದೇವನಹಳ್ಳಿ ಬಳಿಯ ಬೀರಸಂದ್ರದಲ್ಲಿದೆ. ಅರಿಶಿನಕುಂಟೆ ಮೊದಲು ಗ್ರಾಮ ಪಂಚಾಯ್ತಿಯಾಗಿದ್ದು ಆಮೇಲೆ ನೆಲಮಂಗಲ ನಗರಸಭೆಗೆ ಸೇರಿದ್ದರಿಂದ ಹಳೇ ಮನೆ ತೆರಿಗೆ ವಹಿಗಳನ್ನು ನಗರಸಭೆಯಲ್ಲಿ ವಿಚಾರಿಸಬೇಕು. ಹೊಲವಿಲ್ಲದವನಿಗೂ ಗ್ರಾಮಠಾಣದಲ್ಲಿ ಒಂದು ಗುಡಿಸಲಿತ್ತು. ಅದರ ತೆರಿಗೆ ಕಟ್ಟಿದವನ ಹೆಸರು ಆ ವಹಿಯಲ್ಲಿ ವರ್ಷ ವರ್ಷ ಬಂದಿರುತ್ತದೆ. ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಶುರುವಾಗಿದೆ. ಕೇಳುವ ಮುನ್ನ ನಿಮ್ಮ ಊರಿನದು ಸ್ಕ್ಯಾನ್ ಆಗಿದೆಯೇ ಎಂದು ವಿಚಾರಿಸಿದರೆ ಓಡಾಟ ಕಡಿಮೆಯಾಗುತ್ತದೆ.

ಉಪನೋಂದಣಾಧಿಕಾರಿ ಕಚೇರಿಗೆ ಜನ ಹೋಗುವುದು ಇ.ಸಿ. ತೆಗೆಸಲು. ಋಣಭಾರ ಪತ್ರ ಜಮೀನಿನಿಂದ ಹುಡುಕುವ ದಾರಿ. ನಮಗೆ ಬೇಕಾದ್ದು ಮನುಷ್ಯನಿಂದ ಹುಡುಕುವ ದಾರಿ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕಕ್ಕೆ ಎರಡು ಸೂಚಿಗಳಿವೆ. ಎರಡನೆಯದು ಆಸ್ತಿಯದು, ಮೊದಲನೆಯದು ಪತ್ರ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು. ಶುಲ್ಕ ಕಟ್ಟಿದರೆ ಈ ಸೂಚಿಗಳನ್ನೂ ಒಂದನೇ ಪುಸ್ತಕವನ್ನೂ ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಕೌಂಟರಿನಲ್ಲಿ ಇ.ಸಿ. ಎನ್ನದೆ ‘ಒಂದನೇ ಸೂಚಿಯಲ್ಲಿ ಹೆಸರಿನ ಶೋಧ’ ಎಂದು ಕೇಳಿ. ಮಗಳ ಮದುವೆಗೆ ಎರಡು ಗುಂಟೆ ಭೋಗ್ಯಕ್ಕೆ ಹಾಕಿದ್ದು, ಸಾಹುಕಾರನಿಗೆ ಅಡಮಾನ ಮಾಡಿದ್ದು, ಅಣ್ಣತಮ್ಮಂದಿರ ವಿಭಾಗ ಪತ್ರ ಇವೆಲ್ಲ ಹೀಗೆ ಸಿಗುತ್ತವೆ. ಪತ್ರದ ಕೊನೆಯ ಸಾಕ್ಷಿಗಳ ಸಾಲನ್ನೂ ಬಿಡಬೇಡಿ. ತನ್ನ ಹೆಸರಿನಲ್ಲಿ ಒಂದು ಗುಂಟೆ ಇಲ್ಲದ ಮನುಷ್ಯ ಬೇರೆಯವರ ಕ್ರಯಪತ್ರಕ್ಕೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿರುವುದುಂಟು.

ಜೀತದ ವಿಷಯ ಮನೆಗಳಲ್ಲಿ ಮಾತಾಡುವುದಿಲ್ಲ. ಕೈಸಾಲಕ್ಕೆ ಮಗನನ್ನು ಜೀತಕ್ಕಿಟ್ಟದ್ದು ನೋಂದಣಿ ಕಚೇರಿಯಲ್ಲಿ ಬರೆದಿಡುವ ವ್ಯವಹಾರವೂ ಆಗಿರಲಿಲ್ಲ. ಆದರೆ 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ನಂತರ ಬಿಡುಗಡೆಯಾದವರಿಗೆ ಬಿಡುಗಡೆ ಪತ್ರ ಕೊಟ್ಟು, ಅವರ ಹೆಸರು, ವಿಳಾಸ, ಕಸುಬು, ಸಿಕ್ಕ ಪುನರ್ವಸತಿ ಇವನ್ನು ಬರೆದಿಡುವ ವಹಿಗಳನ್ನು ಇಡಬೇಕೆಂದು ನಿಯಮವಿದೆ. ಅಂಥ ತಲೆಮಾರು ನಿಮ್ಮ ಮನೆಯಲ್ಲಿದ್ದರೆ ಉಪವಿಭಾಗಾಧಿಕಾರಿ ಮತ್ತು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದನ್ನು ಹೆಸರಿಟ್ಟು ಕೇಳಿ. ಹಿರಿಯರ ಒಪ್ಪಿಗೆ ಪಡೆದೇ ಕೇಳಿ.

ಜನನ ಮರಣದ ವಹಿ ಬಗ್ಗೆ ಹೆಚ್ಚು ಆಸೆ ಬೇಡ. 1969ರ ಕಾಯ್ದೆ ಕರ್ನಾಟಕದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಹಳ್ಳಿಯಲ್ಲಿ ಬರೆದಿಟ್ಟದ್ದು ಉಳಿದಿರುವ ಕಡೆ ಉಳಿದಿದೆ. ಮಗುವಿನ ಹೆಸರಿಲ್ಲದೆ ‘ಗಂಡು’, ‘ಹೆಣ್ಣು’ ಎಂದಷ್ಟೇ ಇರಬಹುದು. ಅದಕ್ಕಿಂತ ಶಾಲೆಯ ದಾಖಲಾತಿ ವಹಿ ಉಪಯುಕ್ತ. ಅಪ್ಪನ ಹೆಸರು, ಕಸುಬು, ಜಾತಿ, ವಾಸದ ಊರು, ಯಾವ ತರಗತಿಗೆ ಬಿಟ್ಟ ಎಂಬುದು ಒಂದೇ ಸಾಲಿನಲ್ಲಿರುತ್ತದೆ. ‘ಬಿಟ್ಟ ಕಾರಣ’ದ ಕಾಲಂ ಓದಲು ಗಟ್ಟಿ ಮನಸ್ಸು ಬೇಕು. ಜನ್ಮದಿನಾಂಕ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. ಮತದಾರರ ಪಟ್ಟಿಯ ವಯಸ್ಸೂ ಅಂದಾಜಿನದೇ. ಆದರೂ 2002ರ ಪಟ್ಟಿ ಅಂತರ್ಜಾಲದಲ್ಲಿ ಸಿಗುವುದರಿಂದ ಒಂದು ಮನೆಯಲ್ಲಿ ಆಗ ಯಾರು ಯಾರಿದ್ದರು ಎಂದು ನೋಡಲು ಅದು ಸಾಕು.

ಊರು ಬಿಟ್ಟು ದುಡಿಯಲು ಹೋದವರ ಜಾಡು ಬೇರೆ. ಬೆಂಗಳೂರು ತುಮಕೂರು ರೈಲುಮಾರ್ಗ 1884ರಲ್ಲಿ ತೆರೆಯಿತು. ನೆಲಮಂಗಲದ ಸುತ್ತಿನ ಹಳ್ಳಿಗಳಿಂದ ಬೆಂಗಳೂರಿನ ದುಡಿಮೆಗೆ ರಸ್ತೆಯೂ ಇತ್ತು, ರೈಲೂ ಇತ್ತು. ಬಿನ್ನಿ ಮಿಲ್ಲೆಂದು ಜನ ಕರೆದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ 1884ರದ್ದು. ಈಗ ಮಲ್ಲೇಶ್ವರದ ಮಂತ್ರಿ ಮಾಲ್ ನಿಂತಿರುವ ಕಡೆ ರಾಜಾ ಮಿಲ್ಲಿತ್ತು. ಮಿನರ್ವ ಮಿಲ್ಲನ್ನೂ ರಾಜಾ ಮಿಲ್ಲನ್ನೂ 1974ರಲ್ಲಿ ಕೇಂದ್ರ ಸರಕಾರ ವಹಿಸಿಕೊಂಡು ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿಸಿತು. 1940ರಲ್ಲಿ ಎಚ್‌.ಎ.ಎಲ್., ಆಮೇಲೆ ಐ.ಟಿ.ಐ., ಎಚ್‌.ಎಂ.ಟಿ., ಬಿ.ಇ.ಎಲ್. ಬಂದವು. ಇವೆಲ್ಲಕ್ಕೂ ಕೈಹಿಡಿಯುವ ದಾಖಲೆ ಭವಿಷ್ಯನಿಧಿ, ಅಂದರೆ ಪಿ.ಎಫ್. 1952ರ ಕಾಯ್ದೆ ಮೊದಲು ಅನ್ವಯಿಸಿದ ಆರು ಉದ್ಯಮಗಳಲ್ಲಿ ಜವಳಿ ಒಂದು. ಕಾರ್ಮಿಕ ತುಂಬಿಕೊಟ್ಟ ನಾಮನಿರ್ದೇಶನದ ಫಾರಂನಲ್ಲಿ ಹೆಂಡತಿ ಮಕ್ಕಳ ಹೆಸರು, ವಯಸ್ಸು, ಸ್ವಂತ ಊರಿನ ವಿಳಾಸ ಇರುತ್ತದೆ. ಹಳೇ ಪಿ.ಎಫ್. ಚೀಟಿ, ಇ.ಎಸ್‌.ಐ. ಕಾರ್ಡು, ಗೇಟ್ ಪಾಸು, ಕಾರ್ಮಿಕ ಸಂಘದ ಚಂದಾ ರಸೀದಿ ಯಾವುದಾದರೂ ಸಿಕ್ಕರೆ ಅದರ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಇಲ್ಲದೆ ಹೆಸರೊಂದರಿಂದ ಇಲ್ಲಿ ಏನೂ ಸಾಗದು. ರೈಲ್ವೆ, ಪುರಸಭೆ, ಲೋಕೋಪಯೋಗಿಯವರಿಗೆ ಸೇವಾ ಪುಸ್ತಕವಿದೆ. ಮೊದಲ ಪುಟದಲ್ಲೇ ಎತ್ತರ, ಮೈಮೇಲಿನ ಮಚ್ಚೆ, ಬೆರಳ ಗುರುತು. ಮುತ್ತಾತನ ಫೋಟೊ ಇಲ್ಲದ ಮನೆಗೆ ಅವನ ಎತ್ತರ ಗೊತ್ತಾಗುವುದೂ ಸಣ್ಣದಲ್ಲ.

ಕೆ.ಜಿ.ಎಫ್. ಚಿನ್ನದ ಗಣಿಗೆ ಹೋದವರಿದ್ದರೆ ಜಾನ್ ಟೇಲರ್ ಅಂಡ್ ಸನ್ಸ್ ಕಾಲದಿಂದ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚುವವರೆಗೆ ಆಡಳಿತ ಕೈಬದಲಾಯಿಸುತ್ತ ಬಂದದ್ದು ನೆನಪಿರಲಿ: ಖಾಸಗಿ ಕಂಪನಿಗಳು, 1956ರಿಂದ ಮೈಸೂರು ಸರಕಾರ, ಆಮೇಲೆ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್. ಗಣಿ ಕೂಲಿಕಾರರು ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಮುಷ್ಕರ ಹೂಡಿದ್ದರು. ಇಂದು ನಾವು ಆತುರದಿಂದ ಹುಡುಕುವ ಗುರುತಿನ ಕಾಗದ ಅವರಿಗೆ ಕೊರಳಿಗೆ ಬಿಗಿದ ಹಗ್ಗವಾಗಿ ಕಂಡಿತ್ತು.

ಬೆಂಗಳೂರು ದಂಡಿನಲ್ಲಿ ಸಿಪಾಯಿಯಾಗಿದ್ದ, ರೈಲು ಎಂಜಿನ್ ಓಡಿಸಿದ ಇಂಗ್ಲಿಷ್ ಕೂಲಿವರ್ಗದ ಪೂರ್ವಜನನ್ನು ಹುಡುಕುವ ಆಂಗ್ಲೋ ಇಂಡಿಯನ್ ಮನೆಗಳೂ ನಮ್ಮಲ್ಲಿವೆ. ಅವರಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ‘ಎನ್’ ಸರಣಿ ಮುಖ್ಯ. ಬೆಂಗಳೂರಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳು ಮದ್ರಾಸಿನ ಎನ್/2ರಲ್ಲಿವೆ. ಫಿಬಿಸ್ ಎಂಬ ಸಂಘದ ಉಚಿತ ಸೂಚಿಯಲ್ಲಿ ಮೊದಲು ಹೆಸರು ಹಾಕಿ ನೋಡಬಹುದು. ಕ್ರೈಸ್ತರಾದ ಕನ್ನಡ, ತಮಿಳು ಮನೆತನಗಳು ತಮ್ಮ ಚರ್ಚಿನ ವಹಿಯಿಂದಲೇ ಶುರುಮಾಡಲಿ.

ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಕೊನೆಗಿಟ್ಟುಕೊಳ್ಳಿ. ಅಲ್ಲಿರುವುದು ಸಂಸ್ಥಾನದ ಇಲಾಖೆಗಳ ಕಡತಗಳು. ಒಬ್ಬ ಕೂಲಿಯ ಹೆಸರು ಸಿಗುವುದಕ್ಕಿಂತ ಅವನು ಬದುಕಿದ ಕಾಲದ ಬರಪರಿಹಾರ ಕಾಮಗಾರಿ, ಕೆರೆ ದುರಸ್ತಿ, ಪ್ಲೇಗು ಶಿಬಿರ, ಮಿಲ್ಲಿನ ಮುಷ್ಕರಗಳ ವಿವರ ಸಿಗುವ ಸಂಭವ ಹೆಚ್ಚು. ಊರು, ವರ್ಷ, ಕೆಲಸ ಈ ಮೂರೂ ಕೈಯಲ್ಲಿದ್ದರೆ ಅಲ್ಲಿ ಹೋಗಿ ಕೂತದ್ದಕ್ಕೆ ಫಲವಿದೆ.

ಸಿಕ್ಕಿದ್ದನ್ನು ಬರೆದಿಡುವಾಗ ಒಂದು ಶಿಸ್ತು ಬೇಕು. ವಹಿಯ ಹೆಸರು, ಪುಟ, ನೋಡಿದ ಕಚೇರಿ ಮೂರನ್ನೂ ಪ್ರತಿ ಸಂಗತಿಯ ಪಕ್ಕ ಹಾಕಿ. ಪಹಣಿಯ ಪ್ರಕಾರ 1968ರಲ್ಲಿ ಸತ್ತ, ಅಜ್ಜಿಯ ಪ್ರಕಾರ ಅದಕ್ಕೂ ಮುಂಚೆ ಸತ್ತ ಎಂದಾದರೆ ಎರಡನ್ನೂ ಬರೆಯಿರಿ. ಪೌತಿ ಖಾತೆ ಸಾವಿನ ಎಷ್ಟೋ ವರ್ಷದ ಮೇಲೆ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೆಂಟರಿಗೆ ಹುಡುಕಾಟದ ಉದ್ದೇಶವನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಪಾಲು ಕೇಳಲು ಬಂದಿದ್ದಾನೆ ಎಂಬ ಗುಮಾನಿಯಲ್ಲಿ ಟ್ರಂಕಿನ ಬೀಗ ತೆರೆಯುವುದಿಲ್ಲ.

ನಕಲು ಅರ್ಜಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ನಮ್ಮ ವಂಶದ ಎಲ್ಲ ದಾಖಲೆ ಕೊಡಿ’ ಎಂದರೆ ತಿರಸ್ಕಾರ ಖಚಿತ. ‘ಕಸಬಾ ಹೋಬಳಿ ಅರಿಶಿನಕುಂಟೆ ಗ್ರಾಮದ ಇಂಥ ಸರ್ವೆ ನಂಬರಿಗೆ ಸಂಬಂಧಿಸಿದ ತೋಟಿ ಇನಾಮು ಮರುಮಂಜೂರಾತಿ ಕಡತದ ದೃಢೀಕೃತ ನಕಲು, ಕಡತ ಇಲ್ಲದಿದ್ದಲ್ಲಿ ಆ ಸಾಲಿನ ಕಡತಗಳ ಸೂಚಿ ವಹಿಯ ಸಂಬಂಧಪಟ್ಟ ಪುಟ’ ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು. ‘ಕಡತ ಲಭ್ಯವಿಲ್ಲ’ ಎಂಬ ಒಂದು ಸಾಲು ಬಂದರೆ ಸುಮ್ಮನಾಗಬೇಡಿ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದರಲ್ಲಿ ಕಡತ ನಾಶಪಡಿಸಿದ್ದರೆ ನಾಶಪಡಿಸಿದ ಕಡತಗಳ ಪಟ್ಟಿ, ಬೇರೆಡೆ ಕಳಿಸಿದ್ದರೆ ಕಳಿಸಿದ ವಹಿಯ ನಮೂದು ಕೇಳಿ. ಕಳೆದುಹೋಗಿದೆ ಎನ್ನುವ ಕಡತವನ್ನು ನ್ಯಾಯಾಲಯಕ್ಕೋ ಮೇಲಿನ ಕಚೇರಿಗೋ ಕಳಿಸಿದ್ದರೆ ಆ ನಮೂದಿನಲ್ಲೇ ಅದರ ಹೊಸ ವಿಳಾಸವಿರುತ್ತದೆ.